ಡಿಸ್ಪೋಸಲ್ ಸ್ಟ್ಯಾಲಿಯನ್ ಮತ್ತು ಅದರ ಟಿಪ್ಪರ್ ಜಾಕಿ: ಆರು ಮಳೆಗಾಲದ ನಂತರ

ಗಾಡಿ: ಸೈನ್ಯದ ಹರಾಜಿನಿಂದ (ಡಿಸ್ಪೋಸಲ್) ಬಂದ ಅಶೋಕ್ ಲೇಲ್ಯಾಂಡ್ ಸ್ಟ್ಯಾಲಿಯನ್ 4×4 ಲಾರಿ. ಟಿಪ್ಪರ್ ಕಿಟ್ (ಬಾಡಿ ಎತ್ತುವ ಹೈಡ್ರಾಲಿಕ್ ಜಾಕಿ, ಪಂಪ್, ವಾಲ್ವ್, ಟ್ಯಾಂಕ್) ಆಮೇಲೆ ಹೊರಗಡೆ ಮಾಡಿಸಿ ಕೂರಿಸಿದ್ದು, ಅದರ ಆಯಿಲ್ ಟ್ಯಾಂಕ್ 60 ಲೀಟರ್. ಕೆಲಸ: ಅಂಕೋಲಾ, ಕುಮಟಾ ಕಡೆ ಚಿರೇಕಲ್ಲು, ಜಲ್ಲಿ. ಆಗಾಗ ದೇವಿಮನೆ ಘಟ್ಟ ಹತ್ತಿ ಶಿರಸಿಗೆ.

ಇಂಜಿನ್, ಗೇರ್‌ಬಾಕ್ಸ್ ಬಗ್ಗೆ ದೂರಿಲ್ಲ. ಜಬಲ್ಪುರದಲ್ಲಿ ಸೈನ್ಯಕ್ಕಾಗಿ ಜೋಡಿಸಿದ ಈ ಗಾಡಿಯ ಲೆಕ್ಕ ದಾರಿ ಇಲ್ಲದಲ್ಲಿ 5 ಟನ್, ರಸ್ತೆಯಲ್ಲಿ 7.5 ಟನ್. ಹತ್ತು ಟನ್ ಹೇರಿ 'ಮಿಲಿಟರಿ ಗಾಡಿ, ಏನೂ ಆಗೂದಿಲ್ಲ' ಅನ್ನುವವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಇದು ಕೆಡುವುದು ಭಾರಕ್ಕಿಂತ ಹೆಚ್ಚಾಗಿ ನೀರಿಗೆ. ಹಾಗಾಗಿ ಸರ್ವಿಸ್ ಲೆಕ್ಕ ಕಿಲೋಮೀಟರಿನಲ್ಲಿ ಹಿಡಿದರೆ ಕೆಟ್ಟಿರಿ. ಮೃಗಶಿರಾ ಮಳೆಗೆ ಮೊದಲು ಒಂದು, ಆಯುಧಪೂಜೆಯ ಹೊತ್ತಿಗೆ ಇನ್ನೊಂದು.

ಆಯುಧಪೂಜೆ ಅಂದಾಗ ನೆನಪಾಯಿತು: ಆವತ್ತು ಪ್ರೆಶರ್ ಪೈಪ್ ಹಿಡಿದು ತೊಳೆಯುವ ಉತ್ಸಾಹದಲ್ಲೇ ಅರ್ಧ ನೀರು ಬ್ರೀದರ್, ಅಂದರೆ ಆಯಿಲ್ ಟ್ಯಾಂಕಿಗೆ ಗಾಳಿ ಆಡುವ ಕಿಂಡಿಯಿಂದ ಒಳಗೆ ಸೇರುತ್ತದೆ. ಬ್ರೀದರ್‌ಗೆ ಮೊದಲು ಪ್ಲಾಸ್ಟಿಕ್ ಕಟ್ಟಿ, ತೊಳೆದ ಕೂಡಲೇ ಬಿಚ್ಚಿ. ಕಿಟ್ ಕೂರಿಸಿದವರು ಬ್ರೀದರನ್ನು ಚಕ್ರದ ಕೆಸರು ನೇರ ಹಾರುವ ಕಡೆಗೇ ಇಟ್ಟಿದ್ದರು. ಅದನ್ನು ಕ್ಯಾಬಿನ್ ಹಿಂದೆ ಎತ್ತರಕ್ಕೆ ಏರಿಸಿದ ಮೇಲೆ ಆಯಿಲ್ ಕೆಡುವುದು ಬಹಳ ಕಡಿಮೆಯಾಯಿತು.

ನೀರು ಸೇರಿದೆಯೋ ನೋಡಲು ರಾತ್ರಿ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡ್ರೇನ್ ಪ್ಲಗ್ ಸ್ವಲ್ಪ ಸಡಿಲಿಸಿ. ನೀರಿದ್ದರೆ ಅದೇ ಮೊದಲು ಬರುತ್ತದೆ. ಆಯಿಲ್ ತಂಬುಳಿಯ ಹಾಗೆ ಬೆಳ್ಳಗಾಗಿದ್ದರೆ ಸೋಸಿ ಉಪಯೋಗವಿಲ್ಲ, ಪೂರ್ತಿ ಬದಲಿಸಬೇಕು. ಅನುಮಾನವಿದ್ದರೆ ಬಿಸಿ ತಗಡಿನ ಮೇಲೆ ಎರಡು ಹನಿ ಬಿಡಿ. ಒಗ್ಗರಣೆಯ ಹಾಗೆ ಚಟಪಟ ಅಂದರೆ ನೀರಿದೆ.

ನಾವು ಹಾಕುವುದು 68 ನಂಬರ್ ಹೈಡ್ರಾಲಿಕ್ ಆಯಿಲ್. ಬಾಡಿ ಪೂರ್ತಿ ಇಳಿಸಿ, ಆಯಿಲ್ ಬಿಸಿ ಇರುವಾಗಲೇ ಬಸಿಯಿರಿ. ಟ್ಯಾಂಕ್ ಒಳಗೆ ಕಾಟನ್ ವೇಸ್ಟ್ ಬೇಡ, ಅದರ ಎಳೆಯೇ ವಾಲ್ವ್‌ನಲ್ಲಿ ಕೂರುತ್ತದೆ. ಪಂಪ್ ಆಯಿಲ್ ಎಳೆಯುವ ಕಡೆಯ ಸಕ್ಷನ್ ಜಾಳಿಗೆಯನ್ನು ಡೀಸೆಲ್‌ನಲ್ಲಿ ತೊಳೆದು ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಯಿರಿ. 10 ಮೈಕ್ರಾನ್ ಕಾಗದದ ರಿಟರ್ನ್ ಫಿಲ್ಟರ್ ತೊಳೆಯುವ ಸಾಮಾನಲ್ಲ, ಹೊಸತೇ ಹಾಕಿ. ಆಯಿಲ್ ತುಂಬಿದ ಮೇಲೆ ಖಾಲಿ ಬಾಡಿಯನ್ನು ನಾಲ್ಕೈದು ಸಲ ನಿಧಾನಕ್ಕೆ ಎತ್ತಿ ಇಳಿಸಿ ಗಾಳಿ ತೆಗೆದು, ಬಾಡಿ ಇಳಿದಿರುವಾಗಲೇ ಮಟ್ಟ ನೋಡಿ. ಎತ್ತಿದ್ದಾಗ ಕಂಠಮಟ್ಟ ತುಂಬಿದರೆ ಇಳಿಯುವಾಗ ಬ್ರೀದರ್‌ನಿಂದ ಉಕ್ಕಿ ಚಾಸಿಗೆಲ್ಲ ಅಭಿಷೇಕ.

ಎತ್ತಿದ ಬಾಡಿ ತಾನಾಗಿ ಇಳಿಯುತ್ತಿದ್ದರೆ ಮೆಕ್ಯಾನಿಕ್ ಮೊದಲು ಕೈ ಹಾಕುವುದು ಜಾಕಿಗೆ. ಒಂದೇ ಕಡೆ ಒತ್ತಡದ, ಹಂತ ಹಂತವಾಗಿ ಏರುವ ಈ ಜಾಕಿಯಲ್ಲಿ ಸೀಲ್ ಹೋದರೆ ಆಯಿಲ್ ಹೊರಗೇ ಇಳಿಯಬೇಕು. ಮೈ ಒಣಗಿದ್ದೂ ಬಾಡಿ ಇಳಿಯುತ್ತದೆಂದರೆ ತಪ್ಪು ಕಂಟ್ರೋಲ್ ವಾಲ್ವ್‌ನದು. ಇಷ್ಟು ನೋಡಿದರೆ ಜಾಕಿ ಬಿಚ್ಚುವ ಖರ್ಚು ಉಳಿಯುತ್ತದೆ. ಪಂಪ್ ಕೀರಲು ಸದ್ದು ಮಾಡಿದರೆ ಜಾಳಿಗೆ ಕಟ್ಟಿದೆ, ಇಲ್ಲವೇ ಸಕ್ಷನ್ ಪೈಪಿನ ಕ್ಲಿಪ್ ಸಡಿಲ. ಆಯಿಲ್‌ನಲ್ಲಿ ನೊರೆ ಕಂಡರೆ ಕ್ಲಿಪ್ಪೇ. ಭಾರ ಏಳುತ್ತಿಲ್ಲವೆಂದು ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್ ಬಿಗಿ ಮಾಡಬೇಡಿ, ಪೈಪ್ ಸಿಡಿಯುತ್ತದೆ. ಸೋರಿಕೆಯನ್ನು ಬೆರಳಿನಿಂದ ಹುಡುಕಲೇಬೇಡಿ, ರಟ್ಟು ಹಿಡಿಯಿರಿ: ಸೂಜಿತೂತಿನ ಆಯಿಲ್ ಚರ್ಮದೊಳಗೆ ನುಗ್ಗುತ್ತದೆ. ಎತ್ತಿದ ಬಾಡಿಯ ಕೆಳಗೆ ಹೋಗುವುದಾದರೆ ಕಬ್ಬಿಣದ ಊರುಗೋಲು ಕೊಟ್ಟೇ ಹೋಗಿ.

ಕಾರವಾರದ ಕಡೆ ಗಾಡಿ ನಿಲ್ಲಿಸುವಾಗ ಬಾಡಿ ಎತ್ತಿಡಬೇಡಿ. ಉಪ್ಪುಗಾಳಿಗೆ ಜಾಕಿಯ ಹೊಳಪಿನ ಮೈಯಲ್ಲಿ ಚುಕ್ಕೆ ತುಕ್ಕು ಹಿಡಿದರೆ, ಹೊಸ ಸೀಲನ್ನೂ ಅದು ಅರದ ಹಾಗೆ ತಿನ್ನುತ್ತದೆ.

ದೇವಿಮನೆಯ ತಿರುವುಗಳಲ್ಲಿ ಪವರ್ ಸ್ಟೀರಿಂಗನ್ನು ಕೊನೆವರೆಗೆ ತಿರುಗಿಸಿ ಹಿಡಿದುಕೊಳ್ಳಬೇಡಿ, ಐದು ಸೆಕೆಂಡ್ ಮಿತಿ. ಆಯಿಲ್ ಕಾದು ಸೀಲ್ ಗಟ್ಟಿಯಾಗುತ್ತದೆ.

ಹಳ್ಳ ದಾಟಿದ ದಿನ ಮುಂದಿನ, ಹಿಂದಿನ ಎರಡೂ ಆಕ್ಸಲ್ ಹೌಸಿಂಗ್ ಒಳಗೆ ನೀರು ಸೇರಿದೆಯೋ ನೋಡಲೇಬೇಕು. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರ್‌ನಿಂದ ನೀರು ಎಳೆದುಕೊಳ್ಳುತ್ತದೆ. ಏರ್ ಬ್ರೇಕ್ ಟ್ಯಾಂಕುಗಳ ನೀರನ್ನು ಮಳೆಗಾಲದಲ್ಲಿ ದಿನಾ ಬಿಡಿ.

ಗಾಡಿಗೆ ಐದರಲ್ಲಿ ನಾಲ್ಕು, ಕಿಟ್‌ಗೆ ಎರಡೂವರೆ. ಬ್ರೀದರ್ ಜಾಗವೊಂದೇ ಅಲ್ಲ, ಪ್ರೆಶರ್ ಪೈಪನ್ನೂ ಸೈಲೆನ್ಸರ್‌ಗೆ ತಾಗುವಂತೆ ಎಳೆದಿದ್ದರು. ಸೀಲ್ ಕಿಟ್ ತರಲು ಹುಬ್ಬಳ್ಳಿಗೆ ಹೊರಡುವ ಮೊದಲು ಜಾಕಿಯ ಪ್ರತಿ ಹಂತದ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು ಬರೆದುಕೊಳ್ಳಿ. 'ಸ್ಟ್ಯಾಲಿಯನ್ ಜಾಕಿ' ಎಂದು ಕೇಳಿದರೆ ಅಂಗಡಿಯವರಿಗೆ ಗೊತ್ತಾಗುವುದಿಲ್ಲ, ಗಾಡಿ ಹುಟ್ಟುವಾಗ ಅದರಲ್ಲಿ ಆ ಜಾಕಿಯೇ ಇರಲಿಲ್ಲವಲ್ಲ.