ಸಮಾವೇಶದಿಂದ ಬರೆಯಲು ಲಿಂಕ್ಡ್‌ಇನ್: ನೇರ ಸುದ್ದಿಗೆ ನಿಧಾನ, ಪರಿಚಯಕ್ಕೆ ವಾಸಿ

ಬೆಂಗಳೂರು ಟೆಕ್ ಸಮಿಟ್‌ನಂಥ ಮೂರು ದಿನದ ಸಮಾವೇಶಕ್ಕೆ ಹೋಗುವವರು ಅಲ್ಲಿ ಕೇಳಿದ್ದನ್ನು ಹಂಚಿಕೊಂಡು ನಾಲ್ಕು ಜನರ ಪರಿಚಯ ಬೆಳೆಸಿಕೊಳ್ಳಲು ಈಗ ಸಾಮಾನ್ಯವಾಗಿ ತೆರೆಯುವುದು ಲಿಂಕ್ಡ್‌ಇನ್ ಆ್ಯಪನ್ನು. ಆ ಒಂದು ಕೆಲಸಕ್ಕೆ ಅದು ಎಷ್ಟು ಒದಗುತ್ತದೆ ಎಂಬುದಷ್ಟೇ ಇಲ್ಲಿನ ವಿಚಾರ. ನೌಕರಿ ಹುಡುಕಾಟ, ಕೋರ್ಸುಗಳ ಗೊಡವೆ ಬೇಡ.

ಮೊದಲು ದೊಡ್ಡ ಕೊರತೆ. ಲಿಂಕ್ಡ್‌ಇನ್ ಫೀಡ್ ಸಮಯದ ಕ್ರಮದಲ್ಲಿ ಸಾಗುವುದಿಲ್ಲ. ಬೆಳಿಗ್ಗೆ 10ಕ್ಕೆ ಹಾಕಿದ ‘ಮಧ್ಯಾಹ್ನ 3ಕ್ಕೆ ಎರಡನೇ ಸಭಾಂಗಣಕ್ಕೆ ಬನ್ನಿ’ ಎಂಬ ಪೋಸ್ಟ್ ಎಷ್ಟೋ ಜನರ ಕಣ್ಣಿಗೆ ಬೀಳುವುದು ಮರುದಿನ, ಕೆಲವರಿಗೆ ಮಳಿಗೆಗಳನ್ನು ಬಿಚ್ಚಿದ ಮೇಲೆ. ಹೀಗಾಗಿ ‘ಈಗ ವೇದಿಕೆಯಲ್ಲಿ ಇಂಥವರು ಮಾತಾಡುತ್ತಿದ್ದಾರೆ’ ಎಂಬ ಜಾತಿಯ ಪೋಸ್ಟ್ ಇಲ್ಲಿ ದಂಡ. ಕ್ಷಣಕ್ಷಣದ ವರದಿಗೆ ಎಕ್ಸ್ (ಹಿಂದಿನ ಟ್ವಿಟರ್) ಈಗಲೂ ಮೇಲು. ಹ್ಯಾಶ್‌ಟ್ಯಾಗ್ ಬಳಕೆಗೆ ಬಂದದ್ದೇ ಇಂಥ ಕೂಟದ ನೆಪದಲ್ಲಿ: 2007ರ ಆಗಸ್ಟ್‌ನಲ್ಲಿ ಕ್ರಿಸ್ ಮೆಸಿನಾ ಟ್ವಿಟರ್‌ನಲ್ಲಿ ಅದನ್ನು ಸೂಚಿಸಿದಾಗ ಕೊಟ್ಟ ಉದಾಹರಣೆ ಬಾರ್‌ಕ್ಯಾಂಪ್ ಎಂಬ ತಂತ್ರಜ್ಞರ ಕೂಟದ್ದು.

ಆದರೆ ಎಕ್ಸ್‌ನಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಜಾಗದ ತೊಡಕಿದೆ. ಉಚಿತ ಖಾತೆಯ 280ರ ಮಿತಿಯಲ್ಲಿ ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಕರ್ನಾಟಕ’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಎಕ್ಸ್‌ಗೆ ಏಳು. ಒಂದು ಕೊಂಡಿ ಸೇರಿಸಿದರೆ, ಅದು ಎಷ್ಟೇ ಉದ್ದವಿರಲಿ, ಇನ್ನೂ 23 ಹೋಯಿತು. ಲಿಂಕ್ಡ್‌ಇನ್‌ನಲ್ಲಿ ಮಿತಿ 3000; ಒಂದು ಗೋಷ್ಠಿಯ ಸಾರವನ್ನು ಉಸಿರು ಕಟ್ಟದೆ ಬರೆಯಬಹುದು.

ಅದರ ಬಲ ಇರುವುದೂ ಅಲ್ಲೇ. ಪೋಸ್ಟ್ ಎರಡು ಮೂರು ದಿನ ಓಡಾಡುತ್ತದೆ, ಪ್ರತಿಕ್ರಿಯಿಸಿದವರ ಹೆಸರು, ಹುದ್ದೆ ಎದುರಿಗೇ ಇರುತ್ತದೆ. ಆದ್ದರಿಂದ ಸಭಾಂಗಣದಲ್ಲಿ ಕೂತು ಪೋಸ್ಟ್ ಮಾಡುವ ಆತುರ ಬಿಡಿ. ಅಲ್ಲಿ ಟಿಪ್ಪಣಿ ಮಾಡಿ, ಅದೇ ಸಂಜೆ ಅಥವಾ ಮರುದಿನ ಬೆಳಿಗ್ಗೆ ಹಾಕಿ. ಮೂರನೇ ದಿನಕ್ಕೆ ತಳ್ಳಿದರೆ ಭಾಷಣಕಾರರೇ ಮುಂದಿನ ಊರಿಗೆ ಹೋಗಿರುತ್ತಾರೆ.

ಹಿಂದಿನ ರಾತ್ರಿ ಹದಿನೈದು ನಿಮಿಷ ಸಾಕು: ಕಾರ್ಯಕ್ರಮ ಪಟ್ಟಿ ನೋಡಿ ನಾಲ್ಕೈದು ಗೋಷ್ಠಿ ಆರಿಸಿಕೊಂಡು, ಭಾಷಣಕಾರರ ಪ್ರೊಫೈಲ್ ಕೊಂಡಿಗಳನ್ನು ಫೋನಿನ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಒಂದೇ ಹೆಸರಿನವರು ಹತ್ತಾರು ಜನ ಇರುತ್ತಾರೆ. ಆತುರದಲ್ಲಿ ಟ್ಯಾಗ್ ಮಾಡಿದರೆ ಯಾವುದೋ ಊರಿನ ಯಾರಿಗೋ ನೋಟಿಫಿಕೇಶನ್ ಹೋಗುತ್ತದೆ. ಬರೆಯುವುದನ್ನೂ ನೋಟ್ಸ್‌ನಲ್ಲೇ ಬರೆಯಿರಿ. ಸಾವಿರಾರು ಫೋನುಗಳು ಒಂದೇ ವೈಫೈಗೆ ಜೋತುಬಿದ್ದಾಗ ಅಪ್‌ಲೋಡ್ ನಡುವೆಯೇ ನಿಲ್ಲುತ್ತದೆ. ಆ್ಯಪಿನೊಳಗೇ ಟೈಪ್ ಮಾಡಿದ್ದು ಮಾಯವಾದರೆ ಮತ್ತೆ ಅದೇ ಮಾತು ಸಿಗುವುದಿಲ್ಲ.

ಫೋಟೊ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚಿನ ಪೋಸ್ಟುಗಳು ಕೆಡುವುದು ಇಲ್ಲೇ. ಕತ್ತಲ ಸಭಾಂಗಣದಲ್ಲಿ ಫೋನು ಒಟ್ಟು ಬೆಳಕನ್ನು ಅಳೆದು ಹೊಂದಿಸುವುದರಿಂದ ಸ್ಲೈಡ್ ಬರೀ ಬಿಳಿಯಾಗಿ ಬರುತ್ತದೆ. ಪರದೆಯ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ, ಅಕ್ಷರ ಓದುವಂತಾಗುವವರೆಗೆ. ಎಲ್‌ಇಡಿ ಗೋಡೆ ಇದ್ದಲ್ಲಿ ಅಲೆಯಂಥ ಗೆರೆ ಬರುವುದು ಗೋಡೆಯ ಚುಕ್ಕೆಗಳೂ ಕ್ಯಾಮೆರಾದ ಚುಕ್ಕೆಗಳೂ ಒಂದರ ಮೇಲೊಂದು ಬೀಳುವುದರಿಂದ. ಎರಡು ಹೆಜ್ಜೆ ಹಿಂದೆ ಸರಿದು ಅಥವಾ ಕೋನ ಬದಲಿಸಿ ತೆಗೆದರೆ ಬಹುಪಾಲು ಹೋಗುತ್ತದೆ. ಒಂದು ಪೋಸ್ಟ್‌ಗೆ ಮೂರು ಫೋಟೊ ಧಾರಾಳ: ಒಂದು ಸ್ಲೈಡ್, ಒಂದು ಭಾಷಣಕಾರರದ್ದು, ಒಂದು ಸಭೆಯದ್ದು. ಪಠ್ಯವನ್ನು ಆಮೇಲೂ ತಿದ್ದಬಹುದು, ಆದರೆ ಹಾಕಿದ ಮೇಲೆ ಫೋಟೊ ಬದಲಿಸಲು ಆಗುವುದಿಲ್ಲ. ಹಾಕುವ ಮುನ್ನ ಸ್ಲೈಡ್‌ನಲ್ಲಿ ಗ್ರಾಹಕರ ಹೆಸರು, ‘ಹೊರಗೆ ಹಂಚಬಾರದು’ ಎಂಬ ಸಾಲು ಇದೆಯೇ ನೋಡಿಕೊಳ್ಳಿ.

ಫೀಡ್‌ನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ‘ಮೋರ್’ ಒತ್ತಿದರೆ. ‘ಈ ಭವ್ಯ ಸಮಾವೇಶದಲ್ಲಿ ಭಾಗವಹಿಸಲು ಹೆಮ್ಮೆಯಾಗುತ್ತಿದೆ’ ಎಂದು ಆರಂಭಿಸಿದರೆ ಆ ಜಾಗ ಹೆಮ್ಮೆಗೇ ಖರ್ಚಾಯಿತು. ಭಾಷಣದಲ್ಲಿ ಹೊಸದಾಗಿ ತಿಳಿದ ಒಂದು ಸಂಗತಿ, ಅದರ ಕೆಳಗೆ ಅದು ಏಕೆ ಮುಖ್ಯ ಎಂಬ ನಿಮ್ಮ ಅಭಿಪ್ರಾಯ, ಕೊನೆಗೆ ಭಾಷಣಕಾರರು ಉತ್ತರಿಸಬಹುದಾದ ಒಂದು ಪ್ರಶ್ನೆ ಇರಲಿ. ಪರಿಚಯ ಬೆಳೆಸುವುದು ಆ ಪ್ರಶ್ನೆಯೇ. ಟ್ಯಾಗ್ ಒಬ್ಬಿಬ್ಬರಿಗೆ ಸಾಕು. ಮಾತಾಡದ ಇಪ್ಪತ್ತು ಜನರನ್ನು ಟ್ಯಾಗ್ ಮಾಡುವುದು ಬರೀ ಕಿರಿಕಿರಿ.

ಅಂಕಿಗಳಲ್ಲಿ ಎಚ್ಚರ. ವೇದಿಕೆಯವರು ಮಿಲಿಯನ್, ಬಿಲಿಯನ್ ಎನ್ನುತ್ತಾರೆ, ನಾವು ಲಕ್ಷ, ಕೋಟಿಗೆ ಇಳಿಸುವಾಗ ಸೊನ್ನೆ ಜಾರುತ್ತದೆ. ಒಂದು ಮಿಲಿಯನ್ 10 ಲಕ್ಷ, ಒಂದು ಬಿಲಿಯನ್ 100 ಕೋಟಿ. ಉದ್ಧರಣ ಚಿಹ್ನೆಯೊಳಗೆ ಅವರು ಆಡಿದ್ದೇ ಮಾತು ಇರಬೇಕು. ಖಚಿತವಿಲ್ಲದಿದ್ದರೆ ಚಿಹ್ನೆ ತೆಗೆದು ಸಾರಾಂಶ ಬರೆಯಿರಿ.

ಎದುರಿಗೆ ಸಿಕ್ಕವರಿಗೆ ಕ್ಯೂಆರ್ ಕೋಡ್ ಸೌಲಭ್ಯ ನಿಜಕ್ಕೂ ಚೆನ್ನಾಗಿದೆ. ಮೊಬೈಲ್ ಆ್ಯಪಿನ ಹುಡುಕುವ ಪಟ್ಟಿಯನ್ನು ಒತ್ತಿದರೆ ಬಲತುದಿಯಲ್ಲಿ ಸಿಗುತ್ತದೆ. ನಿಮ್ಮ ಕೋಡನ್ನು ಗ್ಯಾಲರಿಯಲ್ಲಿ ಉಳಿಸಿಡಿ, ನೆಟ್ ಇಲ್ಲದಾಗಲೂ ತೋರಿಸಬಹುದು. ತೊಂದರೆ ಎಂದರೆ, ಸಂಜೆಗೆ ಯಾರು ಯಾರೆಂದು ಮರೆತಿರುತ್ತದೆ. ಸ್ಕ್ಯಾನ್ ಮಾಡಿದ ಕೂಡಲೇ ‘ತುಮಕೂರು, ಕೃಷಿ ಸೆನ್ಸರ್, ದರಪಟ್ಟಿ ಕೇಳಿದರು’ ಎಂದು ನೋಟ್ಸ್‌ನಲ್ಲಿ ಒಂದು ಸಾಲು ಹಾಕಿಕೊಳ್ಳಿ.

ದೂರದಿಂದ ಕೇಳಿದ ಭಾಷಣಕಾರರಿಗೆ ಸಂಪರ್ಕದ ಆಹ್ವಾನ ಕಳಿಸುವಾಗ ಮಾತ್ರ ಜೊತೆಗೆ ಪರಿಚಯದ ಟಿಪ್ಪಣಿ ಬೇಕೇ ಬೇಕು. ಮೊಬೈಲ್‌ನಲ್ಲಿ ನೀಲಿ ‘ಕನೆಕ್ಟ್’ ಗುಂಡಿ ಒತ್ತಿದರೆ ಟಿಪ್ಪಣಿ ಕೇಳದೆಯೇ ಹೊರಟುಬಿಡುವುದುಂಟು. ಪ್ರೊಫೈಲ್ ತೆರೆದು ಮೂರು ಚುಕ್ಕೆಯ ಮೆನುವಿನಿಂದ ಕಳಿಸಿ. ಉಚಿತ ಖಾತೆಗೆ ಟಿಪ್ಪಣಿಯ ಮಿತಿ 200 ಅಕ್ಷರ, ತಿಂಗಳಿಗೆ ಕೆಲವೇ ಟಿಪ್ಪಣಿ. ಸಾಲದ್ದಕ್ಕೆ, ತಪ್ಪಿ ಕಳಿಸಿದ ಆಹ್ವಾನವನ್ನು ಹಿಂಪಡೆದರೆ ಅದೇ ವ್ಯಕ್ತಿಗೆ ಮೂರು ವಾರದವರೆಗೆ ಮತ್ತೆ ಕಳಿಸಲಾಗದು. ಇದಕ್ಕಿಂತ ಒಳ್ಳೆಯ ದಾರಿ: ಸಮಾವೇಶದ ಹ್ಯಾಶ್‌ಟ್ಯಾಗ್ ಹುಡುಕಿ, ‘ಪೋಸ್ಟ್ಸ್’ ಆರಿಸಿ, ಕಳೆದ 24 ಗಂಟೆಯವು ಮಾತ್ರ ಬರುವಂತೆ ಸೋಸಿ, ಅವರ ಪೋಸ್ಟ್‌ನಡಿ ಎರಡು ಸಾಲು ಹುರುಳಿರುವ ಕಾಮೆಂಟ್ ಬರೆಯುವುದು. ಉತ್ತರ ಬಂದ ಮೇಲೆ ಕಳಿಸಿದ ಆಹ್ವಾನಕ್ಕೆ ಟಿಪ್ಪಣಿಯ ಹಂಗಿಲ್ಲ.

ಪ್ರೀಮಿಯಂ ಕೊಳ್ಳಬೇಕೇ? ಟಿಪ್ಪಣಿಗೆ 300 ಅಕ್ಷರ ಸಿಗುತ್ತದೆ, ತಿಂಗಳ ಮಿತಿ ತಪ್ಪುತ್ತದೆ. ವರ್ಷಕ್ಕೊಂದೆರಡು ಸಮಾವೇಶಕ್ಕೆ ಹೋಗುವವರಿಗೆ ಅದು ದುಬಾರಿ. ಅರ್ಹರಿಗೆ ಸಿಗುವ ಒಂದು ತಿಂಗಳ ಉಚಿತ ಅವಧಿಯನ್ನು ಸಮಾವೇಶದ ವಾರಕ್ಕೆ ಹೊಂದಿಸಿ ಶುರುಮಾಡಿ, ಹಣ ಕಡಿತವಾಗುವ ಮುನ್ನ ರದ್ದುಮಾಡಲು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.