ಹಳೆ ವ್ಯಾನಿನ ಕಿಟಕಿ ರಬ್ಬರ್: ಮಾಡೆಲ್‌ಗೆ ಮಾಡಿದ್ದೋ, ಮೀಟರ್ ಲೆಕ್ಕದ್ದೋ?

ಗಾಜು ಇಳಿಸಿದರೆ ಕಿರ್ರ್ ಅನ್ನುತ್ತೆ, ಓಡಿಸುವಾಗ ಗಡಗಡ ಅಲುಗುತ್ತೆ ಅಂದ್ರೆ ರಬ್ಬರ್ ಮುಗಿದಿದೆ ಅಂತಲೇ ಲೆಕ್ಕ. ಆದರೆ ಯಾವ ರಬ್ಬರ್? ಗಾಜಿನ ಬುಡದಲ್ಲಿ ನೀರು ಒರೆಸುವ ಪಟ್ಟಿ ಬೇರೆ, ಚೌಕಟ್ಟಿನಲ್ಲಿ ಗಾಜು ಜಾರುವ ಚಾನಲ್ ಬೇರೆ.

ಪಟ್ಟಿಗೆ ನಾನಂತೂ ಆ ಮಾಡೆಲ್‌ಗೇ ಮಾಡಿದ್ದನ್ನು ಹಾಕುತ್ತೇನೆ. ಮೀಟರ್ ಲೆಕ್ಕದ್ದರ ಕ್ಲಿಪ್ ಸರಿಯಾಗಿ ಕೂರದಿದ್ದರೆ ಒಂದು ದಿನ ಗಾಜಿನ ಜೊತೆ ಅದೂ ಬಾಗಿಲೊಳಗೆ ಇಳಿದುಬಿಡುತ್ತದೆ, ಆಮೇಲೆ ಪ್ಯಾನೆಲ್ ಬಿಚ್ಚಿ ಹುಡುಕಬೇಕು.

ಚಾನಲ್‌ಗೆ ಮೀಟರ್ ಲೆಕ್ಕದ್ದೂ ಪರವಾಗಿಲ್ಲ, ದುಡ್ಡೂ ಉಳಿಯುತ್ತದೆ. ಗಾಜಿನ ದಪ್ಪ, ಹಳೆ ಚಾನಲ್‌ನ ಅಗಲ, ಆಳ, ಮೂರನ್ನೂ ಅಳೆದುಕೊಂಡು ಹೋಗಿ. ಒಳಗೆ ಬೆರಳಾಡಿಸಿ ನೋಡಿ: ಮಖಮಲ್ಲಿನಂಥ ನವಿರು ಪದರ ಇರಬೇಕು. ಬರೀ ರಬ್ಬರ್ ಆದರೆ ಗಾಜು ಹಿಡಿದುಕೊಳ್ಳುತ್ತದೆ, ಹ್ಯಾಂಡಲ್ ತಿರುಗಿಸಿ ತಿರುಗಿಸಿ ಕೈ ನೋವು. ಕಷ್ಟ ಇರುವುದು ಮೂಲೆಯಲ್ಲಿ. ಮಾಡೆಲ್‌ಗೆ ಮಾಡಿದ್ದರಲ್ಲಿ ಮೂಲೆ ಸಾಮಾನ್ಯವಾಗಿ ಅಚ್ಚಿನಲ್ಲೇ ಬಂದಿರುತ್ತದೆ, ಇದರಲ್ಲಿ ನೀವೇ ಬಗ್ಗಿಸಬೇಕು, ಸುಕ್ಕು ಬಂದರೆ ಒಳಮಗ್ಗುಲಲ್ಲಿ ಸಣ್ಣ ಕಚ್ಚು ಕತ್ತರಿಸಬೇಕು.

ಗುಜರಿಯಲ್ಲಿ ಬಿಚ್ಚಿದ್ದು? ಸುಮ್ನೆ ಬೇಡ. ಅದಕ್ಕೂ ನಿಮ್ಮ ವ್ಯಾನಿನಷ್ಟೇ ವಯಸ್ಸಾಗಿರುತ್ತೆ ಅಲ್ವಾ?

ಯಾವುದೇ ಹಾಕಿ, ಮೊದಲು ತುಕ್ಕು ಕೆರೆದು, ಬಾಗಿಲಿನ ತಳದ ತೂತುಗಳನ್ನು ಬಿಡಿಸಿ. ಹೊಸ ರಬ್ಬರ್ ಇದ್ದರೂ ಸ್ವಲ್ಪ ನೀರು ಒಳಗಿಳಿಯುವುದು ಸಹಜ, ಅದು ಅಲ್ಲಿಂದಲೇ ಹೊರಹೋಗಬೇಕು. ಜಾರಲಿ ಅಂತ ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಸಿಲಿಕೋನ್ ಸ್ಪ್ರೇ ಸಾಕು.