ಪೇಂಟಿಂಗ್ ಕೊಟೇಶನ್ ಎಕ್ಸೆಲ್‌ನಲ್ಲಿ ಕೇಳಿದರೆ ಹುಷಾರ್

ನನ್ನ ಹಾಗೆ ಪೇಂಟಿಂಗ್ ಕಾಂಟ್ರಾಕ್ಟ್ ಮಾಡುವವರಿಗೆ ಒಂದು ಮಾತು. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಕೊಟೇಶನ್ ತೆಗೆದುಕೊಂಡು, ಆಮೇಲೆ "ಎಕ್ಸೆಲ್‌ನಲ್ಲೂ ಒಂದು ಕಳಿಸಿಬಿಡಿ" ಅಂದರೆ ಕಳಿಸಬೇಡಿ. ದಯವಿಟ್ಟು ಕಳಿಸಬೇಡಿ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್. ಹೆಸರು ಬೇಡ. ಹೊರಗೋಡೆ ಪೂರ್ತಿ ಪೇಂಟ್ ಆಗಬೇಕು, ಮಳೆಗಾಲಕ್ಕೆ ಮುಂಚೆ ಮುಗಿಯಬೇಕು ಅಂದರು. ಸೆಕ್ರೆಟರಿ ಸಾಹೇಬರು ಕಾಫಿ ಕೊಟ್ಟು ಕೂರಿಸಿ, "ನೀವು ಡೀಟೇಲಾಗಿ ಕೊಡಿ, ಕಮಿಟಿಗೆ ಎಲ್ಲ ಕ್ಲಿಯರ್ ಆಗಿರಬೇಕು" ಅಂದರು. ಸರಿ, ಹುಡುಗರನ್ನು ಕರೆದುಕೊಂಡು ಹೋಗಿ ಟೇಪ್ ಹಿಡಿದು ಅಳೆದೆವು. ಸಜ್ಜಾ, ಪ್ಯಾರಾಪೆಟ್, ಡಕ್ಟ್ ಒಳಗಿನ ಗೋಡೆ ಎಲ್ಲ ಬೇರೆ ಬೇರೆ. ಕಿಟಕಿ ಜಾಗ ಕಳೆದು ಲೆಕ್ಕ ಹಾಕಿದೆ. ಎಷ್ಟೋ ಜನ ಕಳೆಯುವುದೇ ಇಲ್ಲ, ಚದರಡಿಗೆ ರೇಟ್ ಕಡಿಮೆ ತೋರಿಸಿ ಅಳತೆಯಲ್ಲಿ ಎಳೆದುಕೊಳ್ಳುತ್ತಾರೆ. ಈ ಕೆಲಸದಲ್ಲಿರುವವರಿಗೆ ಗೊತ್ತಿರುವ ವಿಷಯವೇ.

ಪ್ರೆಶರ್ ವಾಶ್, ಬಿರುಕು ತುಂಬುವುದು, ಒಂದು ಕೋಟ್ ಪ್ರೈಮರ್, ಎರಡು ಕೋಟ್ ಎಮಲ್ಷನ್, ಸಾರುವೆ ಖರ್ಚು, 18% ಜಿಎಸ್‌ಟಿ ಬೇರೆ ಸಾಲಿನಲ್ಲಿ. ಕೊಟೇಶನ್ ನಂಬರ್, 15 ದಿನ ವ್ಯಾಲಿಡಿಟಿ. ಲಿಫ್ಟ್ ರೂಮಿನ ಗೋಡೆ ಒಸರುತ್ತಿತ್ತು. "ಇಲ್ಲಿ ಮೊದಲು ವಾಟರ್‌ಪ್ರೂಫಿಂಗ್ ಆಗಬೇಕು, ಇಲ್ಲದಿದ್ದರೆ ಪೇಂಟ್ ಏಳುತ್ತದೆ" ಅಂತ ಷರಾ ಬೇರೆ ಹಾಕಿದ್ದೆ. ಪಿಡಿಎಫ್ ಕಳಿಸಿದ ಮೇಲೆ ಮೆಸೇಜ್ ಬಂತು: "ಕಂಪ್ಯಾರಿಟಿವ್ ಮಾಡಬೇಕು, ಎಕ್ಸೆಲ್ ಇದ್ದರೆ ಅನುಕೂಲ." ಅಂದರೆ ಎಲ್ಲರ ರೇಟ್ ಪಕ್ಕಪಕ್ಕ ಇಟ್ಟು ಹೋಲಿಸುವ ಪಟ್ಟಿ. ಕಳಿಸಿದೆ. ಆಮೇಲೆ ಸುದ್ದಿಯಿಲ್ಲ. ಫೋನ್ ಮಾಡಿದರೆ "ಮೀಟಿಂಗ್ ಆಗಿಲ್ಲ."

ಒಂದು ಸಂಜೆ ನನಗೆ ಗೊತ್ತಿರುವ ಮೇಸ್ತ್ರಿ ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿ, "ಅಣ್ಣಾ, ಇದಕ್ಕೆ ರೇಟ್ ಎಷ್ಟು ಹಾಕಲಿ?" ಅಂತ ಕೇಳಿದ. ತೆರೆದು ನೋಡಿದರೆ ನನ್ನದೇ ಶೀಟ್! ಮೇಲಿದ್ದ ನನ್ನ ಹೆಸರು, ಜಿಎಸ್‌ಟಿ ನಂಬರ್ ಮಾಯ. ರೇಟಿನ ಕಾಲಂ ಖಾಲಿ. ಉಳಿದಿದ್ದೆಲ್ಲ ಹಾಗೇ ಇದೆ. ಅಳತೆ ಹಾಗೇ, ಸಾಲುಗಳು ಹಾಗೇ, ಲಿಫ್ಟ್ ರೂಮಿನ ಷರಾ ಸಹ ಹಾಗೇ. ಅದನ್ನಾದರೂ ಅಳಿಸಬಾರದಿತ್ತಾ? ಅವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಾನು ಅಳೆದ ಗೋಡೆಗೆ ನಾನೇ ಇನ್ನೊಬ್ಬನಿಗೆ ರೇಟ್ ಹೇಳಬೇಕಂತೆ.

ಸೆಕ್ರೆಟರಿಗೆ ಫೋನ್ ಮಾಡಿದೆ. ಮೊದಲು "ಯಾವ ಶೀಟು?" ಅಂದರು. ಆಮೇಲೆ ನಗುತ್ತಾ, "ಬಿಲ್ಡಿಂಗ್ ನಮ್ಮದು ಅಲ್ವಾ? ಅಳತೆ ನಿಮ್ಮದು ಹೇಗಾಗುತ್ತೆ?" ಅಂದರು. ನಗುತ್ತಾ! "ಕೊಟೇಶನ್ ಯಾವಾಗಲೂ ಫ್ರೀ ಅಲ್ವಾ, ಬೇಜಾರಾಗಬೇಡಿ. ಬೇರೆಯವರ ರೇಟ್‌ಗೆ ಇಳಿದರೆ ನಿಮಗೇ ಕೊಡೋಣ." ಅಂದರೆ ನನ್ನ ಅಳತೆ ಇಟ್ಟುಕೊಂಡು ನನ್ನ ರೇಟನ್ನೇ ಮುರಿಯುವುದು. ಆಗೋದಿಲ್ಲ ಅಂದೆ. "ಸರಿ ಬಿಡಿ, ನಿಮ್ಮಿಷ್ಟ" ಅಂತ ಇಟ್ಟರು.

ಈಗ ನಾನು ಮಾಡುವುದು ಇಷ್ಟು. ಮೊದಲ ಸಲ ಚದರಡಿ ರೇಟ್, ಅಂದಾಜು ಮೊತ್ತ, ಯಾವ ಕಂಪನಿಯ ಯಾವ ಪೇಂಟ್, ಎಷ್ಟು ಕೋಟ್. ಅಷ್ಟೇ, ಅದೂ ಪಿಡಿಎಫ್. ಅಳತೆ ಶೀಟ್ ಬೇಕಾದರೆ ಅಳತೆ ಚಾರ್ಜ್ ಮೊದಲು ಕೊಡಿ, ಕೆಲಸ ಕೊಟ್ಟರೆ ಬಿಲ್‌ನಲ್ಲಿ ಕಳೆಯುತ್ತೇನೆ. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಕಾಫಿ ಕೊಟ್ಟರು, ಸರ್ ಅಂದರು ಅಂತ ಮಾತ್ರ ಕರಗಬೇಡಿ.

ಕೆಲಸ ಆ ಮೇಸ್ತ್ರಿಗೂ ಸಿಗಲಿಲ್ಲ, ಇನ್ಯಾರಿಗೋ ಹೋಯಿತು. ಮೊನ್ನೆ ಅದೇ ಸೆಕ್ರೆಟರಿಯಿಂದ ಮೆಸೇಜ್: "ಲಿಫ್ಟ್ ರೂಮ್ ಗೋಡೆಗೆ ಯಾವ ವಾಟರ್‌ಪ್ರೂಫಿಂಗ್ ಹಾಕಿಸಬೇಕು ಅಂತ ನಿಮ್ಮ ಶೀಟ್‌ನಲ್ಲಿ ಬರೆದಿಲ್ವಲ್ಲ?" ನಿಮ್ಮ ಶೀಟ್ ಅಂತೆ! ಈಗ ನನ್ನದಾಯಿತು. ನಂಬರ್ ಬ್ಲಾಕ್ ಮಾಡಿದೆ.